ಗಾಢ ಆಲಿವ್-ಬೂದು ಬಣ್ಣವನ್ನು ಮನೆಗೆ ಹೊಂದಿಸುವುದು ಹೇಗೆ: ಹುಬ್ಬಳ್ಳಿ-ಧಾರವಾಡದವರಿಗೊಂದು ಸಮಗ್ರ ಮಾರ್ಗದರ್ಶಿ

ಬೂದಿ ಹಚ್ಚಿ ಗಡಿಗೆಯಲ್ಲಿ ತುಂಬಿಟ್ಟ ಹೆಸರುಕಾಳನ್ನು ನೋಡಿದವರಿಗೆ ಈ ಬಣ್ಣವನ್ನು ಬೇರೆ ವಿವರಿಸಬೇಕಿಲ್ಲ. ಹಸಿರು, ಹಳದಿ, ಕಪ್ಪು ಮೂರೂ ಅದರೊಳಗಿವೆ, ಯಾವುದೂ ತಾನೇ ಮುಂದೆ ಬಂದು ನಿಲ್ಲುವುದಿಲ್ಲ. ಶೇಡ್ ಕಾರ್ಡಿನಲ್ಲಿ ಇದಕ್ಕೆ ಕಂಪನಿಗೊಂದು ಹೆಸರು. ಜರ್ಮನಿಯಲ್ಲಿ 1927ರಲ್ಲಿ ಶುರುವಾದ ರಾಲ್ ಬಣ್ಣಪಟ್ಟಿಯಲ್ಲಿ 7002 ಎಂದರೆ ಆಲಿವ್-ಬೂದು, 6006 ಎಂದರೆ ಅದಕ್ಕಿಂತ ಗಾಢವಾದದ್ದು. ಗ್ರಿಲ್, ಗೇಟಿಗೆ ಪೌಡರ್ ಕೋಟಿಂಗ್ ಮಾಡುವವರಿಗೆ ಈ ನಂಬರ್ ಹೇಳಿದರೆ ಸಾಕು. ಗೋಡೆಯ ಎಮಲ್ಷನ್‌ಗೆ ಮಾತ್ರ ಆಯಾ ಕಂಪನಿಯ ಕೋಡೇ ಬೇಕು.

ಈ ಬಣ್ಣ ಕೈಕೊಡುವುದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ: ಬೆಳಕು ಮತ್ತು ಗೋಡೆ. ಶೇಡ್ ಆರಿಸುವುದಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಈ ಎರಡನ್ನು ಪೇಂಟರ್ ಕೈಗೆ ಬಿಟ್ಟುಬಿಡುವವರೇ ಜಾಸ್ತಿ. ನನ್ನ ಪ್ರಕಾರ ಅದು ತಲೆಕೆಳಗಾದ ಕ್ರಮ. ಶೇಡ್ ಒಂದಂಗುಲ ಆಚೀಚೆ ಆದರೂ ಮನೆ ಚೆನ್ನಾಗಿಯೇ ಕಾಣುತ್ತದೆ. ಬಲ್ಬು ತಪ್ಪಿದರೆ, ಪುಟ್ಟಿ ಕೆಟ್ಟರೆ ಎಷ್ಟು ದುಬಾರಿ ಬಣ್ಣವೂ ಉಳಿಸಲಾರದು.

ಮೊದಲು ಬಲ್ಬು ಬದಲಿಸಿ

ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ವಾಪಸ್ ಕೊಡುತ್ತದೆ ಎಂಬುದಕ್ಕೆ ಎಲ್‌ಆರ್‌ವಿ ಎಂಬ ಅಳತೆ ಇದೆ, 0 ಯಿಂದ 100ರವರೆಗೆ. ನಮ್ಮ ಮನೆಗಳ ಮಾಮೂಲಿ ಕೆನೆ ಬಿಳಿ 80ರ ಆಸುಪಾಸು. ಗಾಢ ಆಲಿವ್-ಬೂದು 10–15ರ ಸುತ್ತ. ಅಂದರೆ ಅದೇ ಕೋಣೆಗೆ ಅದೇ ದೀಪ ಇಟ್ಟುಕೊಂಡು ಬಣ್ಣ ಮಾತ್ರ ಬದಲಿಸಿದರೆ ರಾತ್ರಿ ಓದಲು ಕೂತವರು ಗೊಣಗುವುದು ಖಂಡಿತ.

ಇಲ್ಲಿನ ಬಹುತೇಕ ಪಡಸಾಲೆಗಳಲ್ಲಿ ಉರಿಯುವುದು 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಬೆಚ್ಚನೆ) ನೀಲಿ-ಬಿಳಿ ಎಲ್‌ಇಡಿ ಟ್ಯೂಬ್‌ಲೈಟು. ಅದರ ಕೆಳಗೆ ಈ ಬಣ್ಣದೊಳಗಿನ ಹಳದಿ ಸತ್ತುಹೋಗಿ, ಒಣ ಸಿಮೆಂಟಿಗೆ ಪಾಚಿ ಹಿಡಿದಂಥ ಒಂದು ಕಳೆ ಬರುತ್ತದೆ. 3000 ಕೆಲ್ವಿನ್‌ನ ಬೆಚ್ಚನೆಯ ಬಲ್ಬು ಹಾಕಿ ನೋಡಿ, ಅದೇ ಗೋಡೆ ಎದ್ದು ಕೂರುತ್ತದೆ. ಅದಕ್ಕಿಂತ ಕೆಳಗೆ, 2700ಕ್ಕೆ ಹೋದರೆ ಕಂದಿನ ಕಡೆ ವಾಲುತ್ತದೆ. ಮಲಗುವ ಕೋಣೆಗೆ ಅದೂ ಆಗಬಹುದು. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಎಂದು ಬರೆದಿದ್ದರೆ 90ರ ಮೇಲಿನದನ್ನೇ ಕೇಳಿ. ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣದ ಅಳತೆ ಅದು.

ಚಾವಣಿಯ ಮಧ್ಯೆ ಒಂದೇ ದೀಪ ಇದ್ದರೆ ಸಾಲದು. ಗೋಡೆಗೆ ಎರಡು ದೀಪ, ಮೂಲೆಗೊಂದು ನಿಲ್ಲುವ ದೀಪ ಬೇಕು. ವೈರಿಂಗ್ ಪಾಯಿಂಟು ಹೊಸದಾಗಿ ಬೇಕಾದರೆ ಗೋಡೆ ಕೊರೆಯುವ ಕೆಲಸ ಪುಟ್ಟಿಗಿಂತ ಮೊದಲೇ ಮುಗಿಯಲಿ. ಗಾಢ ಬಣ್ಣ ಹೊಡೆದ ಮೇಲೆ ಗೋಡೆ ಕೊರೆದು ತೇಪೆ ಹಾಕಿದರೆ ಆ ತೇಪೆ ಸಾಯುವತನಕ ಕಾಣುತ್ತದೆ.

ಯಾವ ಕೋಣೆ, ಯಾವ ಗೋಡೆ

ನಾಲ್ಕೂ ಗೋಡೆಗೆ ಹೊಡೆಸಬೇಕೋ, ಒಂದಕ್ಕೋ? ಕಿಟಕಿ ಎರಡಿದ್ದು ಹಗಲೆಲ್ಲ ಬೆಳಕಿರುವ ಕೋಣೆಯಾದರೆ ನಾಲ್ಕಕ್ಕೂ ಧೈರ್ಯವಾಗಿ ಹೊಡೆಸಿ. ಒಂದೇ ಗೋಡೆಗೆ ಹೊಡೆದಾಗ ಉಳಿದ ಮೂರು ಬಿಳಿ ಗೋಡೆಗಳ ನಡುವೆ ಅದು ಕರೀ ಹಲಗೆ ತೂಗುಹಾಕಿದಂತೆ ಕಾಣುವ ಅಪಾಯವಿದೆ. ಒಂದೇ ಗೋಡೆ ಅಂದರೆ ಕಿಟಕಿಯ ಎದುರಿನ ಗೋಡೆಯನ್ನೇ ಆರಿಸಿ, ಬೆಳಕು ನೇರ ಅದರ ಮೇಲೆ ಬೀಳಲಿ. ಕಿಟಕಿ ಇರುವ ಗೋಡೆಗೇ ಹೊಡೆದರೆ ಹೊರಗಿನ ಪ್ರಕಾಶಕ್ಕೆ ಕಣ್ಣು ಕುಕ್ಕಿ ಗೋಡೆ ಬರೀ ಕಪ್ಪಾಗಿ ಕಾಣುತ್ತದೆ.

ದಿಕ್ಕೂ ಮುಖ್ಯ. ಹುಬ್ಬಳ್ಳಿ-ಧಾರವಾಡ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ಬರುತ್ತದೆ, ಆಗ ಆಲಿವ್ ಬಣ್ಣದ ಹಸಿರು ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಉತ್ತರದ ಕೋಣೆಯಲ್ಲಿ ಬೂದು ಮುಂದೆ ಬರುತ್ತದೆ. ಅಲ್ಲಿಗೆ ಹಳದಿ ಸ್ವಲ್ಪ ಹೆಚ್ಚಿರುವ ಶೇಡ್ ಆರಿಸಬೇಕು. ಪಶ್ಚಿಮದ ಕೋಣೆ ಈ ಬಣ್ಣಕ್ಕೆ ಹೇಳಿ ಮಾಡಿಸಿದ್ದು, ಸಂಜೆಯ ಹಳದಿ ಬಿಸಿಲು ಉಳಿದದ್ದನ್ನು ತಾನೇ ನೋಡಿಕೊಳ್ಳುತ್ತದೆ. ಆದರೆ ಪಶ್ಚಿಮದ ಹೊರಗೋಡೆಗೆ ಇದನ್ನು ಹೊಡೆಸಬೇಡಿ. ಗಾಢ ಬಣ್ಣ ಬಿಸಿಲನ್ನು ಹೀರುತ್ತದೆ, ಏಪ್ರಿಲ್ ಮಧ್ಯಾಹ್ನ ಒಳಗಿನ ಗೋಡೆ ಮುಟ್ಟಿದರೆ ಗೊತ್ತಾಗುತ್ತದೆ. ಬಣ್ಣವೂ ಬೇಗ ಮಂಕಾಗುತ್ತದೆ.

ಹಿರಿಯರ ತಕರಾರು ಇದ್ದೇ ಇರುತ್ತದೆ. “ಇದೇನಪಾ, ಮಿಲಿಟರಿ ಬಣ್ಣ? ಮನಿ ಅಂದ್ರ ಬೆಳಕಿರಬೇಕು” ಅನ್ನುತ್ತಾರೆ, ಆ ಮಾತಿನಲ್ಲಿ ತಿರುಳಿಲ್ಲದಿಲ್ಲ. ದೇವರ ಮನೆ, ಅಡುಗೆಮನೆ, ವಯಸ್ಸಾದವರು ಮಲಗುವ ಕೋಣೆ ಬಿಟ್ಟುಬಿಡಿ. ಕಣ್ಣು ಮಂದವಾದವರಿಗೆ ಗಾಢ ಗೋಡೆಯ ಮೇಲೆ ಗಾಢ ಸ್ವಿಚ್‌ಬೋರ್ಡು ಹುಡುಕುವುದೇ ಕಷ್ಟ. ಪಡಸಾಲೆ, ಓದುವ ಕೋಣೆ, ಊಟದ ಮೇಜಿನ ಹಿಂದಿನ ಗೋಡೆ, ಮಾಳಿಗೆಯ ಮೆಟ್ಟಿಲ ಪಕ್ಕ, ಇಷ್ಟು ಸಾಕು.

ಶೇಡ್ ಪರೀಕ್ಷೆ

ಗೋಡೆಯ ಮೇಲೆ ನೇರ ಸ್ಯಾಂಪಲ್ ಬಳಿಯಬೇಡಿ. ಸುತ್ತಲಿನ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಚದರದ ಹಾರ್ಡ್‌ಬೋರ್ಡಿಗೆ ಪ್ರೈಮರ್ ಹೊಡೆದು, ಸುತ್ತ ಎರಡಂಗುಲ ಬಿಳಿ ಅಂಚು ಬಿಟ್ಟು, ಎರಡು ಕೈ ಬಣ್ಣ ಹಚ್ಚಿ ಒಣಗಿಸಿ. ಮೂರು ಶೇಡಿಗೆ ಮೂರು ಹಲಗೆ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಆರಕ್ಕೆ, ದೀಪ ಹಚ್ಚಿದ ಮೇಲೆ ನೋಡಿ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿಯೇ ನೋಡಬೇಕು. ಮೇಜಿನ ಮೇಲೆ ಮಲಗಿಸಿದರೆ ಮೇಲಿನ ಬೆಳಕು ಬಿದ್ದು ತಿಳಿಯಾಗಿ ಕಾಣುತ್ತದೆ.

ಹಲಗೆಯನ್ನು ನೆಲಕ್ಕೆ ತಾಗಿಸಿ ಇಡುವುದು ಮರೆಯಬೇಡಿ, ಕಾರಣ ನಮ್ಮ ಕಡೆಯ ನೆಲ. ಶಹಾಬಾದಿ ಫರಸಿ ನೀಲಿ ಛಾಯೆಯ ಬೂದು. ಹಸಿರು ಜಾಸ್ತಿಯಿರುವ ಆಲಿವ್ ಅದರ ಪಕ್ಕ ಕೊಳಕಾಗಿ ಕಾಣುತ್ತದೆ. ಫರಸಿ ಇರುವ ಮನೆಗೆ ಹಸಿರು ಕಡಿಮೆ, ಕಂದು ಸ್ವಲ್ಪ ಹೆಚ್ಚಿರುವ ಶೇಡ್ ಒಳ್ಳೆಯದು. ರೆಡ್ ಆಕ್ಸೈಡ್ ನೆಲವಿದ್ದರೆ ನೀವು ಪುಣ್ಯವಂತರು, ಯಾವ ಆಲಿವ್ ಆದರೂ ಹೊಂದುತ್ತದೆ. ಹೊಳೆಯುವ ಬಿಳಿ ವಿಟ್ರಿಫೈಡ್ ಟೈಲ್ಸ್ ಇರುವ ಫ್ಲ್ಯಾಟಿನಲ್ಲಿ ಗೋಡೆ-ನೆಲದ ನಡುವಿನ ವ್ಯತ್ಯಾಸ ತೀರಾ ಕಡಿದಾಗಿ ಕಾಣುತ್ತದೆ, ಅಲ್ಲಿ ದೊಡ್ಡ ಜಮಖಾನ ಹಾಸಲೇಬೇಕು.

ಗೋಡೆಯ ಕೆಲಸ: ನಿಜವಾದ ಖರ್ಚು ಇಲ್ಲಿಯೇ

ಬಿಳಿ ಗೋಡೆ ತಪ್ಪುಗಳನ್ನು ಮುಚ್ಚಿಡುತ್ತದೆ. ಗಾಢ ಗೋಡೆ ಒಂದೊಂದನ್ನೂ ತೋರಿಸುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ, ಗದಗದ ಕಡೆಗೆ ಹೋದಂತೆ ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಜೊತೆ ತಳಪಾಯವೂ ಅಲ್ಲಾಡುತ್ತದೆ. ಆದ್ದರಿಂದ ಮಾರ್ಚ್-ಏಪ್ರಿಲ್‌ನಲ್ಲಿ ಬಾಯಿ ಬಿಟ್ಟ ಬಿರುಕು ಸೆಪ್ಟೆಂಬರ್ ಹೊತ್ತಿಗೆ ಕೂದಲೆಳೆಯಷ್ಟಾಗಿರುತ್ತದೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು ಶುರುವಾಗುವುದರಿಂದ ಅಲ್ಲಿ ಈ ಕಾಟ ಕಡಿಮೆ, ಬದಲಿಗೆ ಮಳೆಗಾಲದ ತೇವದ ಕಾಟ.

ಬಿರುಕು ಸುಮ್ಮನಿದೆಯೋ, ಬೆಳೆಯುತ್ತಿದೆಯೋ ಎಂದು ಮೊದಲು ತಿಳಿಯಬೇಕು. ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದರೂ ತುದಿ ಮುಂದೆ ಹೋಗಿಲ್ಲವೆಂದರೆ ತುಂಬಿಸಬಹುದು. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋಗುತ್ತಿದ್ದು, ಐದು ರೂಪಾಯಿ ನಾಣ್ಯ ಅಡ್ಡ ತೂರುವಷ್ಟು ಅಗಲವಿದ್ದರೆ ಪೇಂಟರ್ ಬಿಡಿ, ಎಂಜಿನಿಯರ್‌ಗೆ ತೋರಿಸಿ.

ತುಂಬಿಸುವ ಕ್ರಮ ಹೀಗೆ. ಬಿರುಕಿನುದ್ದಕ್ಕೂ ಕೆರೆಯುವ ಉಳಿಯಿಂದ ಐದಾರು ಮಿಲಿಮೀಟರ್ ಆಳ, ಒಳಗೆ ಚೂಪು ಹೊರಗೆ ಅಗಲ ಬರುವಂತೆ ತೋಡು ತೆಗೆಯಿರಿ. ಒಣ ಬ್ರಷ್‌ನಿಂದ ಧೂಳು ಪೂರ್ತಿ ಹೊರಹಾಕಿ. ಧೂಳಿನ ಮೇಲೆ ಏನೂ ಹಿಡಿಯದು. ಪ್ರೈಮರ್ ಒಂದು ಕೈ. ನಂತರ ಬಾಗುವ ಗುಣವಿರುವ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್, ಒಂದೇ ಸಲ ಗಿಡಿಯದೆ ಎರಡು ಪದರದಲ್ಲಿ. ಬರೀ ವೈಟ್ ಸಿಮೆಂಟ್ ತುಂಬಿದರೆ ಅದು ಗಟ್ಟಿಯಾಗಿ ಕೂತು, ಗೋಡೆ ಅಲ್ಲಾಡಿದಾಗ ಪಕ್ಕದಲ್ಲೇ ಹೊಸ ಗೆರೆ ಬಿಡುತ್ತದೆ. ಫಿಲ್ಲರ್ ಒಣಗಿದ ಮೇಲೆ ಎರಡಂಗುಲ ಅಗಲದ ಫೈಬರ್ ಜಾಳಿಗೆ ಟೇಪ್ ಅಂಟಿಸಿ, ಅದರ ಮೇಲೆ ತೆಳುವಾಗಿ ಪುಟ್ಟಿ ಎಳೆಸಿ. ಆ ಟೇಪನ್ನು ಪೇಂಟರ್ “ಬ್ಯಾಡ್ರಿ ಸರ, ಸುಮ್ನ ಖರ್ಚು” ಎಂದು ತಪ್ಪಿಸಲು ನೋಡುತ್ತಾರೆ. ಗಾಢ ಬಣ್ಣಕ್ಕೆ ಅದು ಬೇಕೇ ಬೇಕು.

ತೇವದ ಪರೀಕ್ಷೆ ಸುಲಭ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಒಳಗೆ ನೀರಿನ ಹನಿ ಕಂಡರೆ ಬಣ್ಣದ ಮಾತೇ ಬೇಡ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ತೇವದ ಗೋಡೆ ಬಿಡುವ ಬಿಳಿ ಉಪ್ಪು ಕೆನೆ ಬಣ್ಣದಲ್ಲಿ ಅಡಗಿಕೊಳ್ಳುತ್ತದೆ. ಆಲಿವ್ ಮೇಲೆ ಹತ್ತಡಿ ದೂರದಿಂದಲೇ ಕಾಣುತ್ತದೆ. ಹೊಸ ಗಿಲಾವಿಗೆ ಕನಿಷ್ಠ 28 ದಿನ ಆರಲು ಬಿಡಬೇಕು, ಎರಡು-ಮೂರು ತಿಂಗಳು ಕೊಟ್ಟರೆ ಇನ್ನೂ ಒಳ್ಳೆಯದು.

ಮಾಳಮಡ್ಡಿಯಂಥ ಕಡೆಯ ಹಳೇ ಹಂಚಿನ ಮನೆಗಳದ್ದು ಬೇರೆ ಕಥೆ. ದಶಕಗಟ್ಟಲೆ ದೀಪಾವಳಿಗೊಮ್ಮೆ ಬಳಿದ ಸುಣ್ಣ ಪದರ ಪದರವಾಗಿ ಕೂತಿರುತ್ತದೆ. ಕೈಯಿಂದ ಉಜ್ಜಿ, ಅಂಗೈ ಬೆಳ್ಳಗಾದರೆ ಅದರ ಮೇಲೆ ಎಮಲ್ಷನ್ ನಿಲ್ಲದು, ಹಪ್ಪಳ ಎದ್ದು ಬರುತ್ತದೆ. ಪೂರ್ತಿ ಕೆರೆಸಿ, ಗಿಲಾವು ಕಂಡ ಮೇಲೆ ಪ್ರೈಮರ್. ಮಣ್ಣಿನ ಗೋಡೆ, ಸುಣ್ಣದ ಗಿಲಾವು ಇರುವ ಮನೆಗೆ ಮಾತ್ರ ಎಮಲ್ಷನ್ ಹೊಡೆಸಲೇಬೇಡಿ ಎನ್ನುವುದು ನನ್ನ ಮಾತು. ಆ ಗೋಡೆಗಳು ತೇವವನ್ನು ಹೊರಬಿಟ್ಟುಕೊಂಡೇ ಇಷ್ಟು ವರ್ಷ ಬಾಳಿವೆ, ಪ್ಲಾಸ್ಟಿಕ್ ಪದರ ಹಾಕಿದರೆ ಗುಳ್ಳೆ ಏಳುತ್ತದೆ. ಸುಣ್ಣಕ್ಕೆ ಪುಡಿ ಬಣ್ಣ ಕಲೆಸಿದರೆ ಇಷ್ಟು ಗಾಢ ಶೇಡ್ ಬರುವುದೂ ಇಲ್ಲ. ಅಲ್ಲಿ ಗೋಡೆಗೆ ಸುಣ್ಣವೇ ಇರಲಿ, ಆಲಿವ್ ಬಣ್ಣವನ್ನು ಬಾಗಿಲು, ಕಿಟಕಿ, ಗೋಡೆಯ ಮಾಡದ ಕಟ್ಟಿಗೆಯ ಚೌಕಟ್ಟಿಗೆ ಕೊಡಿ. ಕಣ್ಣಿಗೂ ಅದೇ ಹಿತ.

ಪುಟ್ಟಿ ಎರಡು ಕೈ, ಉಜ್ಜಲು 180ರ ಪಾಲಿಶ್ ಪೇಪರ್, ಕೊನೆಗೆ 320. ಉಜ್ಜಿದ ಮೇಲೆ ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಕ್ಕೆ ಬೆಳಕು ಬಿಡಿ. ಪಟ್ಟಿ ಎಳೆದ ಗೆರೆ, ತಗ್ಗು, ಉಬ್ಬು ಎಲ್ಲಾ ಎದ್ದು ಕಾಣುತ್ತವೆ. ಪೆನ್ಸಿಲ್‌ನಿಂದ ಸುತ್ತು ಹಾಕಿ ಅಲ್ಲಷ್ಟೇ ಮತ್ತೆ ಪುಟ್ಟಿ ತೆಗೆಸಿ. ಪೇಂಟರ್ ಮುಖ ಸಿಂಡರಿಸಿದರೂ ಪರವಾಗಿಲ್ಲ, ಒಂದು ಚಹಾ ಜಾಸ್ತಿ ಕುಡಿಸಿ.

ಲೆಕ್ಕ ಮತ್ತು ಖರೀದಿ

12×14 ಅಡಿಯ, ಹತ್ತಡಿ ಎತ್ತರದ ಕೋಣೆ ಎಂದುಕೊಳ್ಳಿ. ಸುತ್ತಳತೆ 52 ಅಡಿ, ಗೋಡೆ 520 ಚದರಡಿ. ಎರಡು ಬಾಗಿಲು, ಎರಡು ಕಿಟಕಿಗೆ 74 ಕಳೆದರೆ 446. ಒಳ್ಳೆಯ ಎಮಲ್ಷನ್ ನಯವಾದ ಗೋಡೆಗೆ ಒಂದು ಕೈಯಲ್ಲಿ ಲೀಟರಿಗೆ ಸುಮಾರು 130 ಚದರಡಿ ಬರುತ್ತದೆ ಎಂದು ಹಿಡಿದರೆ, ಮೂರು ಕೈಗೆ ಹತ್ತು ಲೀಟರ್‌ಗಿಂತ ತುಸು ಹೆಚ್ಚು. ಹದಿನಾಲ್ಕಡಿಯ ಒಂದೇ ಗೋಡೆಗಾದರೆ ಮೂರೂಕಾಲು ಲೀಟರ್. ಗಾಢ ಬೇಸ್‌ನ (ಬಣ್ಣದ ದ್ರವ ಬೆರೆಸುವ ಮೂಲ ಪೇಂಟ್‌ನ) ಡಬ್ಬಿಯಲ್ಲಿ ಆ ದ್ರವಕ್ಕೆ ಜಾಗ ಬಿಟ್ಟಿರುತ್ತಾರೆ, ಹಾಗಾಗಿ ಡಬ್ಬಿಯ ಮೇಲಿನ ಅಳತೆ ಓದಿಯೇ ಲೆಕ್ಕ ಹಾಕಿ.

“ಎರಡು ಕೈಯಾಗ ಮುಗೀತದ್ರಿ” ಎಂಬ ಮಾತಿಗೆ ಒಪ್ಪಬೇಡಿ. ಯೆಲ್ಲೋ ಆಕ್ಸೈಡ್, ಕಪ್ಪು ಇರುವುದರಿಂದ ಈ ಬಣ್ಣ ಕೆಳಗಿನದನ್ನು ಬೇಗ ಮುಚ್ಚುತ್ತದೆ ನಿಜ. ಎಲ್ಲ ಕಡೆ ಒಂದೇ ಸಮ ಕಾಣಲು ಮೂರನೇ ಕೈ ಬೇಕು. ಪ್ರೈಮರ್‌ಗೇ ಸ್ವಲ್ಪ ಬೂದು ಬಣ್ಣ ಹಾಕಿಸಿದರೆ ಕೆಲಸ ಹಗುರ.

ಅಷ್ಟೂ ಬಣ್ಣವನ್ನು ಒಂದೇ ದಿನ, ಒಂದೇ ಮಶೀನಿನಲ್ಲಿ ಮಾಡಿಸಿ. ಮನೆಗೆ ತಂದು ಎಲ್ಲ ಡಬ್ಬಿಗಳನ್ನೂ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಕಲೆಸಿಯೇ ಶುರುಮಾಡಿ. ಡಬ್ಬಿಯಿಂದ ಡಬ್ಬಿಗೆ ಬರುವ ಸಣ್ಣ ವ್ಯತ್ಯಾಸ ಗೋಡೆಯ ನಟ್ಟನಡುವೆ ಬಂದು ಕೂರಬಾರದು.

ಹೊಳಪಿನ ವಿಷಯದಲ್ಲಿ ನನ್ನ ಓಟು ತೊಳೆಯಬಹುದಾದ ಮ್ಯಾಟ್‌ಗೆ, ಅಂದರೆ ಹೊಳಪಿಲ್ಲದ ಬಣ್ಣಕ್ಕೆ. ಪೂರಾ ಹೊಳಪಿನದು ಗೋಡೆಯ ಉಬ್ಬುತಗ್ಗನ್ನೆಲ್ಲ ಸಾರಿ ಹೇಳುತ್ತದೆ. ಅಗ್ಗದ ಮ್ಯಾಟ್‌ನಲ್ಲಿ ಕೈ ಉಜ್ಜಿದ ಕಡೆ ಬೆಳ್ಳಗಿನ ಗೀರು ಉಳಿಯುತ್ತದೆ. ಮಕ್ಕಳು ಓಡಾಡುವ ಓಣಿಯಂಥ ಜಾಗಕ್ಕೆ ಮಾತ್ರ ಮಂದ ಹೊಳಪಿನದು.

ಬಣ್ಣ ಹೊಡೆಯುವ ದಿನಗಳು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗೆ ಸರಿಯಾದ ಕಾಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪುಟ್ಟಿ ಆರುವುದಿಲ್ಲ. ಏಪ್ರಿಲ್‌ನಲ್ಲಿ ಬಣ್ಣ ರೋಲರ್‌ನ ಹಿಂದೆಯೇ ಒಣಗುತ್ತದೆ, ಅದು ಇನ್ನೂ ಕೆಟ್ಟದ್ದು. ಅನಿವಾರ್ಯವಾದರೆ ಬೆಳಿಗ್ಗೆ ಹತ್ತರೊಳಗೆ ಕೆಲಸ ಮುಗಿಸಿ, ಫ್ಯಾನು ಬಂದ್.

ಅಂಚು, ಮೂಲೆಗಳನ್ನು ಬ್ರಷ್‌ನಿಂದ ಕಟಿಂಗ್ ಮಾಡಿದ ಕೂಡಲೇ, ಅದು ಹಸಿಯಿರುವಾಗಲೇ ರೋಲರ್ ಬರಬೇಕು. ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಬ್ರಷ್, ಒಬ್ಬರು ರೋಲರ್. ಇಡೀ ಕೋಣೆಗೆ ಮೊದಲೇ ಕಟಿಂಗ್ ಮುಗಿಸಿ ಊಟಕ್ಕೆ ಎದ್ದರೆ ಗೋಡೆಯ ಸುತ್ತ ಚೌಕಟ್ಟು ಬಿದ್ದಂತೆ ಗಾಢ ಪಟ್ಟಿ ಉಳಿಯುತ್ತದೆ. ಒಂದು ಗೋಡೆ ಹಿಡಿದರೆ ಮೂಲೆಯಿಂದ ಮೂಲೆಗೆ ಮುಗಿಸಿಯೇ ಕೈ ತೊಳೆಯಬೇಕು. ಸ್ವಿಚ್‌ಬೋರ್ಡಿನ ಹತ್ತಿರ ಗಮನವಿಡಿ: ಪ್ಲೇಟು ಬಿಚ್ಚದೆ ಸುತ್ತ ಬ್ರಷ್ ತಿರುಗಿಸುತ್ತಾರೆ, ಅಲ್ಲಿ ಬಣ್ಣ ದಪ್ಪಗಾಗಿ ಒಂದು ಹೊಳೆಯುವ ಉಂಗುರ ಕೂರುತ್ತದೆ. ಮೇನ್ ಬಂದ್ ಮಾಡಿ ಪ್ಲೇಟು ಬಿಚ್ಚಿಸಿ. ಕೈಯಿಂದ ಕೈಗೆ ಕನಿಷ್ಠ ನಾಲ್ಕು ತಾಸು ಬಿಡಿ. ನೀರು ಡಬ್ಬಿಯ ಮೇಲೆ ಹೇಳಿದಷ್ಟೇ. ಲೋಟದಿಂದ ಅಂದಾಜಿಗೆ ಸುರಿಯುವುದು ಬೇಡ.

ಚಾವಣಿಗೆ ನೀಲಿ ಬೆರೆತ ಅಚ್ಚ ಬಿಳಿ ಬೇಡ, ಕೆನೆ ಬಿಳಿ ಸಾಕು. ಜಂತಿ-ತೊಲೆಗಳಿದ್ದರೆ ಅವನ್ನು ಕಟ್ಟಿಗೆಯ ಬಣ್ಣದಲ್ಲೇ ಬಿಡಿ.

ಬಾಗಿಲು, ಕಿಟಕಿ

ಸಾಗವಾನಿ ಬಾಗಿಲಿಗೆ ಪಾಲಿಶ್ ಒಂದೇ ಸಾಕು. ಆಲಿವ್ ಪಕ್ಕದಲ್ಲಿ ಆ ಕಟ್ಟಿಗೆ ಕೊಡುವ ಕೆಂಪು ಬೇರೆಲ್ಲೂ ಸಿಗದು. ಹಳೇ ಎಣ್ಣೆ ಬಣ್ಣ ಕೆರೆಯಬೇಕಾದರೆ ಎಚ್ಚರ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಚ್ಚಿಕೊಂಡು ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನೂ ಬಸುರಿಯರನ್ನೂ ಆ ಕೋಣೆಯಿಂದ ದೂರವಿಡಿ.

ಸಾಮಾನು, ಬಟ್ಟೆ

ಇಲ್ಲಿ ನಮಗೆ ಹೊರಗಿನಿಂದ ತರಬೇಕಾದ್ದು ಏನೂ ಇಲ್ಲ. ನವಲಗುಂದದ ಜಮಖಾನದ ಕೆಂಪು, ಹಳದಿ, ನವಿಲಿನ ವಿನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ಸಿಗದು. ನೆಲಕ್ಕೇ ಹಾಸಬೇಕೆಂದಿಲ್ಲ, ಚಿಕ್ಕದನ್ನು ಗೋಡೆಗೆ ತೂಗಬಹುದು. ಬೆಂಗೇರಿಯ ಖಾದಿಯ ಬಿಳುಪು ಮಾಡದ ಬಟ್ಟೆ ಪರದೆಗೆ ಚೆಂದ: ಬೆಳಕನ್ನು ಸೋಸಿ ಒಳಗೆ ಬಿಡುತ್ತದೆ. ಕಸೂತಿ ಹಾಕಿದ ದಿಂಬಿನ ಹೊದಿಕೆ ಒಂದೆರಡು ಇರಲಿ, ಸೋಫಾ ತುಂಬ ಬೇಡ. ಗವಂತಿ, ಮುರ್ಗಿ ಹೊಲಿಗೆಯ ಗೋಪುರ, ತೇರು ಕಾಣಬೇಕಾದರೆ ಸುತ್ತ ಖಾಲಿ ಜಾಗ ಬೇಕು. ಕಲಘಟಗಿಯ ಬಣ್ಣದ ತೊಟ್ಟಿಲು ಅಟ್ಟದ ಮೇಲೆ ಬಿದ್ದಿದ್ದರೆ ಇಳಿಸಿ, ಆ ಗೋಡೆಯ ಮುಂದೆ ತಂದು ತೂಗಿ. ಹಿತ್ತಾಳೆಯ ಸಮೆ (ದೀಪದ ಕಂಬ), ಹಂಡೆ ಎರಡೇ ಸಾಕು. ಇದ್ದಬದ್ದ ಹಿತ್ತಾಳೆಯನ್ನೆಲ್ಲ ಪೇರಿಸಿದರೆ ಭಾಂಡೆ ಅಂಗಡಿ ಆಗುತ್ತದೆ. ಕಪ್ಪು ಫರ್ನಿಚರ್, ಗಾಢ ನೀಲಿ ಪರದೆ ದೂರವಿಡಿ. ಬೆಳ್ಳಿ ಬಣ್ಣದ ಸ್ಟೀಲಿಗಿಂತ ಮಸುಕಾದ ಹಿತ್ತಾಳೆ ಹಿಡಿಕೆಗಳೇ ಹೊಂದುತ್ತವೆ.

ಆಮೇಲಿನ ಆರೈಕೆ

ಹುಬ್ಬಳ್ಳಿಯ ಧೂಳಿಗೆ ಯಾವ ಬಣ್ಣವೂ ಪಾರಾಗದು, ಗಾಢ ಬಣ್ಣದ ಮೇಲೆ ಅದು ಬೇಗ ಕಾಣುತ್ತದೆ. ವಾರಕ್ಕೊಮ್ಮೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಿ. ಒದ್ದೆ ಬಟ್ಟೆಯಿಂದ ಶುರುಮಾಡಿದರೆ ಧೂಳು ಕೆಸರಾಗಿ ಗೆರೆ ಬಿಡುತ್ತದೆ. ಹೊಡೆದ ಮೊದಲ ತಿಂಗಳು ನೀರು ಮುಟ್ಟಿಸಬೇಡಿ. ಮೊಳೆ ಬಡಿದ ತೂತು ಮುಚ್ಚಿದಾಗ ಆ ಚುಕ್ಕೆಗಷ್ಟೇ ಬಣ್ಣ ತಾಗಿಸಿದರೆ ಕಲೆಯಂತೆ ಉಳಿಯುತ್ತದೆ, ಮೂಲೆಯಿಂದ ಮೂಲೆಗೆ ಆ ಗೋಡೆಗೆ ಒಂದು ಕೈ ಹೊಡೆಯುವುದೇ ಲೇಸು. ಅದಕ್ಕೆಂದೇ ಒಂದು ಲೀಟರ್ ಉಳಿಸಿ, ಸಣ್ಣ ಡಬ್ಬಿಗೆ ಬಾಯಿಮಟ್ಟ ತುಂಬಿ, ಮುಚ್ಚಳದ ಮೇಲೆ ಕೋಡ್, ಬೇಸ್, ತಾರೀಖು, ಯಾವ ಕೋಣೆ ಎಂದು ಬರೆದಿಡಿ. ಮಶೀನಿನಿಂದ ಬರುವ ಚೀಟಿಯ ಫೋಟೋವನ್ನೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ.